ಕೆಟ್ಟ ರವಿಕೆ ಹಿಡಿದು ಬಂದವರು

ನನ್ನ ಮೊಮ್ಮಗಳು ಸವಿತಾ ಹೊಲಿದ ಮೊದಲ ಮದುವೆ ರವಿಕೆ ಮದುಮಗಳ ಮೈಗೆ ಒಪ್ಪವಾಗಿ ಕೂತಿತು! ಧಾರೆಯ ಹೊತ್ತಿನಲ್ಲಿ ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಹಿಂದಿನ ವಾರ ಮಾತ್ರ ಜೀವ ಬಾಯಿಗೆ ಬಂದಿತ್ತು. ಚನ್ನರಾಯಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸರು ರಜೆಯ ದಿನ ನಮ್ಮ ಜಗಲಿಯಲ್ಲಿ ಸೇರುತ್ತಾರೆ. ಹೊಲಿಯುವಾಗ ಕೆಟ್ಟ ಬಟ್ಟೆಯನ್ನು ತಂದು ಎಲ್ಲರ ಮುಂದೆ ಬಿಚ್ಚಿ ತೋರಿಸಬೇಕು, ಸರಿಮಾಡುವ ದಾರಿಯನ್ನು ಉಳಿದವರು ಹೇಳಿಕೊಡಬೇಕು, ಅದೇ ಅವರ ಕಟ್ಟಳೆ. ಒಂದೇ ಬೀದಿಯಲ್ಲಿ ಗಿರಾಕಿಗೆ ಕಾಯುವವರು ಸುಮ್ಮನೆ ವಿದ್ಯೆ ಹೇಳಿಕೊಡುತ್ತಾರೆಯೇ? ನನಗಂತೂ ನಂಬಿಕೆಯಿರಲಿಲ್ಲ. ಆ ವಾರದ ರಜೆಯ ದಿನ ಸವಿತಾ ಆ ಮದುವೆ ರವಿಕೆಯನ್ನೇ ಹರಡಿದಳು. ಕಂಕುಳಲ್ಲಿ ಹೆಚ್ಚು ಕತ್ತರಿಸಿಬಿಟ್ಟಿದ್ದಳು, ಬೇರೆ ಬಟ್ಟೆಯೂ ಇರಲಿಲ್ಲ.

“ಮುಚ್ಚಿಡೇ, ಮದ್ವೆ ಮನೆಗೋಗಿ ಊದ್ಬುಡ್ತಾರೆ!” ಎಂದು ಅವಳನ್ನು ಚಿವುಟಿದೆ.

ಸವಿತಾಳ ಅಂಗಡಿಯ ಎದುರಿಗೇ ಅಂಗಡಿ ಇಟ್ಟಿರುವ ರತ್ನಮ್ಮನಿಗೆ ಅದು ಕೇಳಿಸಿತು. ಆಕೆ ಚೀಲದಿಂದ ತೋಳು ಅದಲುಬದಲಾದ ರವಿಕೆಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು.

“ತಗಳಜ್ಜಿ, ನಂದೂ ಊದ್ಕಂಡ್ ಬನ್ನಿ. ಮಿಸನ್ ಮುಂದೆ ಕೂತು ತಲೆ ನೆರೆದವ್ಳ ಕೆಲ್ಸ ಕಣಜ್ಜಿ ಇದು!”

ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ರತ್ನಮ್ಮ ತೋಳಿನ ಒಳಮಡಿಕೆಯಿಂದ ಬಟ್ಟೆ ತೆಗೆದು, ಕಂಕುಳಿಗೆ ಕಾಣದಂತೆ ಕೂರಿಸುವುದನ್ನು ಸವಿತಾಳಿಗೆ ಕಲಿಸಿಕೊಟ್ಟಳು. ನಾನು ಆಕೆಯ ಕೈಯನ್ನೇ ಕಾಯುತ್ತಾ ಕೂತಿದ್ದೆ, ಬೇಕೆಂದೇ ಕೆಡಿಸಿಯಾಳೆಂದು.

ಮದುವೆಯ ದಿನ ಸಂಜೆ ನಮ್ಮ ಮನೆಗೆ ಹಿಂತಿರುಗಿ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ರತ್ನಮ್ಮನನ್ನೂ ಕರೆತಂದು ಸವಿತಾಳ ಪಕ್ಕ ಕೂರಿಸಿದೆ. ಗಿರಾಕಿಗಳನ್ನು ಕಸಿದಾಳೆಂಬ ಅನುಮಾನ ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಆಕೆ ಬೇಡ ಬೇಡ ಅನ್ನುತ್ತಿದ್ದರೂ ಎರಡನೇ ಮುದ್ದೆಯನ್ನು ನಾನೇ ತಟ್ಟೆಗೆ ಇಟ್ಟೆ.