ಡಾಕ್ಟರ ಗಾಡಿಯವನಿಗೆ ನೆನಪಿಸಲು ಮರೆತವಳು ನಾನೇ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೈಸೂರಿನಿಂದ ಕಣ್ಣಿನ ಡಾಕ್ಟರ್ ಫೋನ್ ಮಾಡಿದರು. "ನಿಮ್ಮ ಗಾಡಿ ಇನ್ನೂ ಬಂದಿಲ್ವಲ್ಲ ಮೇಡಂ?"

ಹಿಂದಿನ ದಿನ, ಗೊತ್ತು ಮಾಡಿದ್ದ ಡ್ರೈವರ್‌ಗೆ ಇನ್ನೊಮ್ಮೆ ಫೋನ್ ಮಾಡಿ ನೆನಪಿಸಬೇಕಿದ್ದವಳು ನಾನು. ಮರೆತಿದ್ದೆ... ಅವನು ಬೇರೆ ಬಾಡಿಗೆಗೆ ಹೋಗಿಬಿಟ್ಟಿದ್ದ.

ನಾನು ಸಣ್ಣದೊಂದು ಸಂಸ್ಥೆಯಲ್ಲಿದ್ದೇನೆ. ಅಂತರಸಂತೆ ಹತ್ತಿರದ ಸರ್ಕಾರಿ ಶಾಲೆಯ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಸುತ್ತೇನೆ. ಅಂದರೆ ದೊಡ್ಡ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು, ಯಾರು ಯಾವಾಗ ಏನು ಮಾಡಬೇಕು, ಕೈಕೊಟ್ಟರೆ ಏನು ದಾರಿ... ಇಂಥದ್ದು.

ಈ ಸಲ ಮಕ್ಕಳೇ ಆರಿಸಿಕೊಂಡಿದ್ದು ಊರಿನ ಅಜ್ಜ ಅಜ್ಜಿಯರಿಗೆ ಕಣ್ಣಿನ ಶಿಬಿರ. "ಐಕ್ಳು ಏನ್ ಮಾಡಾರು ಬುಡಿ ಮೇಡಂ" ಅಂದಿದ್ದರು ಊರಿನ ಹಿರಿಯರೊಬ್ಬರು. ಹಟಕ್ಕೆ ಬಿದ್ದು ಮನೆ ಮನೆ ತಿರುಗಿ ಎಲ್ಲರನ್ನೂ ಕರೆದಿದ್ದರು ಮಕ್ಕಳು.

ತಂಡದ ಲೀಡರ್ ಸುಚಿತ್ರಾ, ಹದಿನೈದು ವರ್ಷ. ಶಾಲೆಯಲ್ಲಿ ಬೆಂಚು ಜೋಡಿಸುತ್ತಿದ್ದಳು. ಹೋಗಿ ಅವಳಿಗೆ ವಿಷಯ ಹೇಳಿದೆ.

ಅತ್ತೇಬಿಡುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಅಕ್ಕ, ಡಾಕ್ಟ್ರು ಬಸ್ಸಲ್ಲಿ ಎಚ್.ಡಿ. ಕೋಟೆಗಂಟ ಬತ್ತಾರಾ ಕೇಳಿ. ಅಲ್ಲಿಂದ ನಾನ್ ನೋಡ್ಕತೀನಿ."

ಪುಣ್ಯಕ್ಕೆ ಡಾಕ್ಟರ್ ಒಪ್ಪಿದರು. ಪರೀಕ್ಷೆಯ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರು.

ಸುಚಿತ್ರಾ ನನ್ನ ಫೋನ್ ಇಸಕೊಂಡು ಸೋದರಮಾವನಿಗೆ ಮಾಡಿದಳು. ಅವರು ಗೂಡ್ಸ್ ಆಟೋದಲ್ಲಿ ಎಚ್.ಡಿ. ಕೋಟೆಗೆ ಟೊಮೆಟೊ ಹಾಕಲು ಹೋಗಿದ್ದರು. "ಮಾವ, ಬಸ್‌ಸ್ಟ್ಯಾಂಡಲ್ಲೇ ಇರು. ಡಾಕ್ಟ್ರನ್ನ ಕರ್ಕೊಂಡೇ ಬರ್ಬೇಕು, ತಿಳೀತಾ?"

ಆಮೇಲೆ ತಂಡದ ಕಡೆ ತಿರುಗಿದಳು. "ನೀವ್ ನೀವ್ ಕರ್ದಿರೋ ಮನೆಗ್ ಓಗಿ, ಅನ್ನೆರ್ಡ್ ಗಂಟೆಗ್ ಬನ್ನಿ ಅಂತ ಯೋಳ್ಬುಟ್ ಬನ್ರಲಾ."

ಆದರೆ ನಂಜಮ್ಮಜ್ಜಿ ಆಗಲೇ ಬಂದು ಜಗಲಿ ಮೇಲೆ ಕೂತಿದ್ದರು. ಮೊಮ್ಮಗಳ ಕೈ ಹಿಡಿದು ಎರಡು ಮೈಲಿ ನಡೆದವರು. ಡಾಕ್ಟರ್ ಇಲ್ಲ ಅಂದ ಕೂಡಲೇ ಎದ್ದರು. "ಈ ವಯ್ಸಲ್ಲಿ ನಂಗ್ಯಾಕವ್ವ ಕಣ್ಣು, ಮನೆಗೋಯ್ತೀನಿ."

ಸುಚಿತ್ರಾ ಅವರ ಕೈಗೆ ಮಜ್ಜಿಗೆ ಲೋಟ ಕೊಟ್ಟು ಪಕ್ಕದಲ್ಲೇ ಕೂತಳು. "ತಪ್ಪು ನಮ್ದೇ ಕಣಜ್ಜಿ. ಮೊದಲ್ನೇ ಚೀಟಿ ನಿಮ್ದೇ. ಇಷ್ಟ್ ದೂರ ನಡ್ಕಬಂದು ಸುಮ್ಕೆ ಓಯ್ತೀರಾ?"

ಅಜ್ಜಿ ಕೂತರು. ತಪ್ಪು ನನ್ನೊಬ್ಬಳದೇ, ನಾನು ಅತ್ತ ನೋಡಲಿಲ್ಲ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇದೆ, ಗೂಡ್ಸ್ ಆಟೋ ಗೇಟಿನೊಳಗೆ ಬರುತ್ತಿದೆ. ಹಿಂದೆ ಖಾಲಿ ಕ್ರೇಟುಗಳು, ಮುಂದೆ ಮಾವನ ಪಕ್ಕ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡ ಡಾಕ್ಟರ್. ಅಬ್ಬಾ... ಹೋದ ಜೀವ ಬಂದಂತಾಯಿತು.

ನಂಜಮ್ಮಜ್ಜಿಯ ಕಣ್ಣಿನ ಪೊರೆ ಬಲಿತಿತ್ತು. ಇನ್ನು ತಡ ಮಾಡಬೇಡಿ, ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ ಅಂದರು ಡಾಕ್ಟರ್. ಅಜ್ಜಿ ಗೊಣಗುತ್ತಲೇ ಒಪ್ಪಿದರು.

ಸಂಜೆ ಎಲ್ಲರೂ ಸುತ್ತ ಕೂತು, ಎಲ್ಲಿ ತಪ್ಪಿತು ಅಂತ ಮಾತಾಡಿದೆವು. ಮೊದಲು ನಾನೇ ಎದ್ದು ಒಪ್ಪಿಕೊಂಡೆ.

"ನಮ್ದೂ ತಪ್ಪೈತಕ್ಕ," ಅಂದಳು ಸುಚಿತ್ರಾ. "ಶನ್ವಾರ ಎಲ್ಲಾರ್ನೂ ಕೆಲ್ಸ ಆಯ್ತಾ ಅಂತ ಕೇಳುದ್ವಿ. ದೊಡ್ಡೋರು ಅಂತ ನಿಮ್ಮನ್ನ ಮಾತ್ರ ಕೇಳ್ನಿಲ್ಲ. ಇನ್ಮೇಲೆ ನಿಮ್ಮನ್ನೂ ಕೇಳ್ತೀವಿ."

ಕೇಳಿ ಅಂದೆ. ನಾಚಿಕೆಯೂ ಆಯಿತು, ಮನಸ್ಸೂ ಹಗುರಾಯಿತು.

ನಿಮ್ಮ ಜೊತೆ ಕೆಲಸ ಮಾಡುವ ಚಿಕ್ಕವರಿಗೆ, "ನಿಮ್ಮ ಕೆಲಸ ಆಯ್ತಾ?" ಅಂತ ನಿಮ್ಮನ್ನೇ ಕೇಳುವ ಧೈರ್ಯ ಇದೆಯಾ?