ಭಾವ ಬರೆದ ಬಯೋಡೇಟಾ

ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಮಾತು ಬದಲಿಸುತ್ತೇನೆ. ದೋಷಗಳನ್ನು ಕೇಳಿ, ಪಟ್ಟಿ ಮಾಡಿ ಕೊಡುತ್ತೇನೆ: ಸೋಮಾರಿ, ಮರೆಗುಳಿ, ಕೊಡೆ ಒಯ್ದಲ್ಲೆಲ್ಲ ಬಿಟ್ಟು ಬರುವವ. ಗುಣಗಳು ಮಾತ್ರ ಗಂಟಲು ದಾಟುವುದಿಲ್ಲ. ಇದು ವಿನಯವೆಂದು ತಿಳಿದು ಮೋಸಹೋಗಬೇಡಿ. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಹೊಡೆದು ಕಲಿಸಿದ ಅಭ್ಯಾಸ. ಪರೀಕ್ಷೆ ಹೇಗಾಯಿತು ಎಂದು ಯಾರು ಕೇಳಿದರೂ "ಏನೋ, ಅಡ್ಡಿಲ್ಲ" ಎನ್ನಬೇಕಿತ್ತು. "ಲಾಯ್ಕಾಯ್ತು" ಎಂದರೆ ಅಮ್ಮ ಸಂಜೆ ದೃಷ್ಟಿ ತೆಗೆಯುತ್ತಿದ್ದಳು, ಅಪ್ಪ ಅದಕ್ಕೂ ಮೊದಲೇ ಕಿವಿ ಹಿಂಡುತ್ತಿದ್ದರು.

ಈ ಕಿವಿಯನ್ನು ಹೊತ್ತುಕೊಂಡು ನಾನು ಕೆಲಸ ಹುಡುಕಲು ಅಹಮದಾಬಾದಿಗೆ ಬಂದೆ. ಅರವತ್ತರ ದಶಕದ ಮಾತು. ಬಿ.ಎ. ಆಗಿತ್ತು, ಟೈಪಿಂಗ್ ಆಗಿತ್ತು, ಭಾವ ಅಲ್ಲಿ ರೈಲ್ವೆಯಲ್ಲಿದ್ದರು. ಅಕ್ಕನ ಮನೆಯಲ್ಲಿ ಉಂಡುಕೊಂಡು ಏಳು ತಿಂಗಳು ಕಳೆದೆ. ಅಷ್ಟರಲ್ಲಿ ಭಾವನಿಗೆ ಸೂರತ್ತಿಗೆ ವರ್ಗವಾಯಿತು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ಸೂರತ್ತಿನಲ್ಲಿ ಸದ್ಯಕ್ಕೆ ಒಂದೇ ಕೋಣೆ. ಅಷ್ಟರೊಳಗೆ ಕೆಲಸ ಸಿಕ್ಕರೆ ಉಡುಪಿಯವರ ಹೋಟೆಲಿನ ಮಹಡಿಯಲ್ಲಿ ನನಗೊಂದು ಮಂಚ ಉಂಟು. ಸಿಗದಿದ್ದರೆ ಟ್ರಂಕು ಹೊತ್ತು ಊರಿಗೆ. ಊರಲ್ಲಾದರೋ ಅಪ್ಪ, ಮಗ ಗುಜರಾತಿನ ಮಿಲ್ಲಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆಂದು ಅಂಚೆಯಣ್ಣನಿಂದ ಹಿಡಿದು ದೇವಸ್ಥಾನದ ಭಟ್ಟರವರೆಗೆ ಹೇಳಿಯಾಗಿತ್ತು. ತನ್ನ ಬಗ್ಗೆ ಹೇಳಿಕೊಳ್ಳಬಾರದು, ಮಗನ ಬಗ್ಗೆ ಹೇಳಬಹುದು ಎಂಬುದು ಅವರ ಶಾಸ್ತ್ರ. ಇನ್ನು ಯಾವ ಮುಖ ಹೊತ್ತು ಬಸ್ಸಿನಿಂದ ಇಳಿಯಲಿ?

ಸಂದರ್ಶನಗಳಿಗೆ ಕರೆ ಬರದಿರಲಿಲ್ಲ. ಬರೋಡಾದಲ್ಲಿ ಒಬ್ಬರು, ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರು. ಕಾಲೇಜಿನಲ್ಲಿ ಇಂಗ್ಲಿಷಿಗೆ ನಾನೇ ಮೊದಲಿಗ. ಬಾಯಿ ಮಾತ್ರ "ಸ್ವಲ್ಪ ಬರುತ್ತದೆ ಸರ್" ಎಂದಿತು. ಅವರು ನಂಬಿದರು! ನಮ್ಮೂರಿನಲ್ಲಾಗಿದ್ದರೆ ಎದುರಿಗಿದ್ದವರು "ಸುಮ್ಮನಿರಿ ಮಾರಾಯ್ರೆ, ನಿಮಗೆ ಬಾರದ್ದು ಉಂಟಾ" ಎಂದು ಮುಂದುವರಿಸಬೇಕಿತ್ತು. ಮಾತಿನ ಆ ಇನ್ನರ್ಧ ಎದುರಿನವರ ಪಾಲಿನದು. ಗುಜರಾತಿನವರಿಗೆ ಈ ಒಪ್ಪಂದವೇ ಗೊತ್ತಿರಲಿಲ್ಲ. ಸ್ವಲ್ಪ ಎಂದರೆ ಸ್ವಲ್ಪವೇ ಎಂದು ಬರೆದುಕೊಂಡು ಮುಂದಿನವನನ್ನು ಕರೆದರು.

ಇದನ್ನು ಕೇಳಿ ಭಾವ ತಲೆ ಚಚ್ಚಿಕೊಂಡರು. "ಇನ್ನು ನಿನ್ನ ಬಾಯಿ ನೆಚ್ಚಿದರೆ ಆಯ್ತು ಕಥೆ. ಬಯೋಡೇಟಾ ನಾನು ಬರೀತೇನೆ" ಎಂದು ಪೆನ್ನು ತೆಗೆದರು. ಒಂದಿಡೀ ಭಾನುವಾರ ಕೂತು ಬರೆದರು. ಅವರ ಬರಹದಲ್ಲಿ ನಾನು ಟೈಪಿಂಗಿನಲ್ಲಿ ನಿಪುಣ, ಪತ್ರವ್ಯವಹಾರದಲ್ಲಿ ಪಾರಂಗತ, ಐದು ಭಾಷೆಗಳ ಪಂಡಿತ. ಅಕ್ಕನ ತುಳಸಿಗೆ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೆನಲ್ಲ, ಅದು ತೋಟಗಾರಿಕೆಯಲ್ಲಿ ವಿಶೇಷ ಆಸಕ್ತಿಯಾಯಿತು. ಟೈಪು ಮಾಡುವ ಕೆಲಸ ಮಾತ್ರ ನನ್ನದೇ. ಮಾಡುತ್ತಾ ಮಾಡುತ್ತಾ, ಇಂಥವನು ಸಿಕ್ಕರೆ ನಾನೇ ಕೆಲಸ ಕೊಡುತ್ತಿದ್ದೆ ಅನ್ನಿಸಿತು.

ಸಣ್ಣವನಿದ್ದಾಗ ತಾಳಮದ್ದಳೆಯಲ್ಲಿ ಕೇಳಿದ ಪ್ರಸಂಗವೊಂದಿದೆ. ತನ್ನನ್ನು ತಾನೇ ಕೊಂದುಕೊಳ್ಳಬೇಕಾದ ಪೇಚಿಗೆ ಸಿಕ್ಕಿದ ವೀರನೊಬ್ಬನಿಗೆ ದೇವರು ಉಪಾಯ ಹೇಳುತ್ತಾನೆ: ಕತ್ತಿ ಏಕೆ, ನಿನ್ನನ್ನು ನೀನೇ ಹೊಗಳಿಕೋ, ಆತ್ಮಪ್ರಶಂಸೆಯೂ ಆತ್ಮಹತ್ಯೆಯೇ. ಆಗ ಅರ್ಥವಾಗದೆ ನಿದ್ದೆಹೋಗಿದ್ದೆ. ಕಾರ್ಬನ್ ಕಾಗದ ಇಟ್ಟು ಬಯೋಡೇಟಾದ ನಾಲ್ಕು ಪ್ರತಿ ಒಟ್ಟಿಗೆ ತೆಗೆದಾಗ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ಉಳಿದದ್ದು ಒಂದೇ ಕರೆ, ಒಂದು ಬಟ್ಟೆ ಮಿಲ್ಲಿನ ಆಫೀಸಿನದು. ಭಾವ ಆರಾಮಕುರ್ಚಿಯಲ್ಲಿ ಕೂತು ಮಿಲ್ಲಿನ ಮಾಲೀಕ ಶೇಟಜಿಯಾದರು, ನಾನು ಎದುರು ನಿಂತೆ. "ಟೈಪಿಂಗ್ ಬರ್ತದಾ?" "ಏನೋ, ಸ್ವಲ್ಪ..." "ಎಂತ ಸ್ವಲ್ಪ! ಪೂರ್ತಿ ಬರ್ತದೆ ಹೇಳು ಮಾರಾಯ!" ಒಳಗಿನಿಂದ ಅಕ್ಕ, "ಅವನಿಗೆ ಬೈಬೇಡಿ, ಮೊದಲೇ ಹೆದರಿದ್ದಾನೆ" ಎನ್ನುತ್ತಿದ್ದಳು. ನಾಲ್ಕು ದಿನ ಈ ಆಟ ನಡೆದು, ಐದನೆಯ ದಿನ ನನ್ನ ಬಾಯಿಂದ "ಪೂರ್ತಿ ಬರುತ್ತದೆ" ಹೊರಟಿತು. ಭಾವ ಸೂರತ್ತಿಗೆ ಸಾಮಾನು ಕಟ್ಟುವುದನ್ನೂ ಬಿಟ್ಟು ಚಪ್ಪಾಳೆ ತಟ್ಟಿದರು.

ಸಂದರ್ಶನದ ದಿನ ಭಾವನ ಕೋಟು ತೊಟ್ಟು ಹೋದೆ. ಅದರೊಳಗೆ ನನ್ನಂಥ ಇನ್ನೊಬ್ಬನಿಗೂ ಜಾಗವಿತ್ತು. ಬೆಂಚಿನ ಮೇಲೆ ಕೂತವರೆಲ್ಲ ತುಟಿ ಅಲ್ಲಾಡಿಸುತ್ತಾ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ನಾನೂ ಪೂರ್ತಿ, ಪೂರ್ತಿ ಎಂದು ಜಪಿಸುತ್ತಿದ್ದೆ. ಒಳಗೆ ಬಿಳಿ ಧೋತರ, ಕರಿ ಟೋಪಿಯ ಶೇಟಜಿ, ಪಕ್ಕದಲ್ಲಿ ಮ್ಯಾನೇಜರು. ಶೇಟಜಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹಿಂದಿಯಲ್ಲಿ ಕೇಳತೊಡಗಿದರು. ಟೈಪಿಂಗಿನಲ್ಲಿ ನಿಪುಣನೋ? ದೇವರಾಣೆಗೂ ಪೂರ್ತಿ ಎನ್ನಲೆಂದೇ ಬಾಯಿ ತೆರೆದೆ. ಹೊರಟದ್ದು "ಥೋಡಾ ಥೋಡಾ," ಅದೇ ಹಳೆಯ ಸ್ವಲ್ಪ. ಪತ್ರವ್ಯವಹಾರ? "ಥೋಡಾ." ಐದು ಭಾಷೆ? "ಥೋಡಾ ಥೋಡಾ." ತೋಟಗಾರಿಕೆಗೆ ಬರುವಷ್ಟರಲ್ಲಿ ಅವರು ಕೇಳುವ ಮೊದಲೇ ಥೋಡಾ ಎಂದೆ.

ಶೇಟಜಿ ಕಾಗದವನ್ನು ಕೆಳಗಿಟ್ಟರು. "ಭಾಯಿ, ಕಾಗದದಲ್ಲಿರುವವನಿಗೆ ಎಲ್ಲ ಪೂರಾ ಬರುತ್ತದೆ. ನನ್ನೆದುರು ಕೂತವನಿಗೆ ಎಲ್ಲ ಥೋಡಾ. ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳಲಿ?"

ಮುಗಿಯಿತು ಎಂದುಕೊಂಡೆ. ಅಪ್ಪನ ಮುಖ, ಟ್ರಂಕು, ಬಸ್ಸು ಎಲ್ಲ ಕಣ್ಣಮುಂದೆ ಬಂದವು. ಅಷ್ಟು ಹೆದರಿಕೆಯಲ್ಲಿ ಸುಳ್ಳು ಹೊಳೆಯುವುದಾದರೂ ಹೇಗೆ? "ನನ್ನನ್ನೇ ಇಟ್ಟುಕೊಳ್ಳಿ ಶೇಟಜಿ. ಕಾಗದದಲ್ಲಿರುವವನನ್ನು ಬರೆದದ್ದು ನನ್ನ ಭಾವ" ಎಂದುಬಿಟ್ಟೆ.

ಮ್ಯಾನೇಜರು ಬಾಯಿಗೆ ಕರವಸ್ತ್ರ ಹಿಡಿದರು. ಶೇಟಜಿ ಮಾತ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಆಮೇಲೆ ಮೂಲೆಯ ಟೈಪ್‌ರೈಟರ್ ತೋರಿಸಿ, ಮದರಾಸಿನ ವ್ಯಾಪಾರಿಗೆ ಬಟ್ಟೆ ತಡವಾದದ್ದಕ್ಕೆ ಒಂದು ಕ್ಷಮಾಪಣೆ ಪತ್ರ ಬರೆ ಎಂದರು. ತಪ್ಪೊಪ್ಪಿಕೊಳ್ಳುವ ಪತ್ರವೆಂದರೆ ಕೇಳಬೇಕೆ, ನನ್ನ ಕೈಗೆ ಅದು ನೀರು ಕುಡಿದಷ್ಟು ಸಲೀಸು. ಬಾಯಿಗೆ ಕೆಲಸವಿಲ್ಲದ ಕಡೆ ಬೆರಳುಗಳು ತಾವಾಗಿ ಓಡಿದವು. ಶೇಟಜಿ ಅದನ್ನು ಎರಡು ಸಲ ಓದಿ ಮ್ಯಾನೇಜರಿಗೆ ಕೊಟ್ಟರು. "ಇದು ಥೋಡಾ ಅಂತೆ!" ಎಂದು, ಸೋಮವಾರದಿಂದ ಬರಲು ಹೇಳಿದರು.

ಮನೆಯಲ್ಲಿ ಅಕ್ಕ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಕಾಫಿ ಕುಡಿದರು, ಪೇಪರು ಬಿಡಿಸಿದರು, ಅದರ ಹಿಂದಿನಿಂದ ಮೆಲ್ಲಗೆ ಕೇಳಿದರು: "ಅಲ್ಲ, ಆ ಬಯೋಡೇಟಾ ಅವರು ಓದಿದ್ರಾ?"

"ಒಂದೊಂದು ಸಾಲೂ ಓದಿದ್ರು ಭಾವ."

"ಎಂತ ಹೇಳಿದ್ರು?"

"ಅದು ಇಲ್ಲದಿದ್ರೆ ಈ ಕೆಲಸ ಸಿಗ್ತಿರಲಿಲ್ಲ ಭಾವ. ಬರೆದದ್ದು ನೀವು ಅಂತ ನಾನೇ ಹೇಳಿದೆ. ಶೇಟಜಿಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಕಣ್ಣಲ್ಲಿ ನೀರೇ ಬಂತು."

ಒಂದಕ್ಷರ ಸುಳ್ಳಿಲ್ಲ, ನೋಡಿ. ಪೇಪರು ಮೆಲ್ಲಗೆ ಕೆಳಗಿಳಿಯಿತು. ಆಮೇಲೆ, ನಾಲ್ಕು ದಿನ ನನಗೆ ಪೂರ್ತಿ ಎನ್ನುವುದನ್ನು ಕಲಿಸಿದ ನನ್ನ ಭಾವ, ಕಿವಿಯವರೆಗೂ ಕೆಂಪಾಗಿ ಹೇಳಿದರು: "ಛೆ, ಅದೆಂತ ದೊಡ್ಡ ವಿಷಯ ಮಾರಾಯ. ಏನೋ, ಸ್ವಲ್ಪ ಗೀಚಿದ್ದೆ, ಅಷ್ಟೆ."