ಜರ್ಮನಿಯಿಂದ ನಾನು ತರಿಸದ ಶಾಲುಗಳು

ಚಿಕ್ಕಮ್ಮನ ಮನೆಯಲ್ಲಿ ಕಟ್ಟಿದ ಕುಚ್ಚು ಬಿಚ್ಚಿಹೋಗುತ್ತಿದೆ ಎಂದು ನಾನು ಸುಳ್ಳು ಹೇಳಿದೆ. ಒಂದೂ ಬಿಚ್ಚಿರಲಿಲ್ಲ. ಇದಿಷ್ಟು ಖಚಿತ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು — ಐದು ವರ್ಷವಾಯಿತು, ಈ ನಡುವೆ ನನ್ನ ಅನುಕೂಲಕ್ಕೆ ತಕ್ಕಂತೆ ನೆನಪು ಎಷ್ಟು ಸಲ ಮಗ್ಗುಲು ಬದಲಿಸಿದೆಯೋ. ಆ ವಾರದ ಡೈರಿ ತೆಗೆದು ನೋಡಿದೆ. 'ರಿಟರ್ನ್ಸ್ ಕೆಲಸ ಮುಗಿಯಿತು. ತಲೆನೋವು' ಎಂದಷ್ಟೇ ಇದೆ. ಎಂ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಬರೆದಿಟ್ಟದ್ದನ್ನೆಲ್ಲ ನಂಬಬಾರದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ನನ್ನ ಡೈರಿಯನ್ನೇ ನಂಬಲಾಗದ ಹಾಗೆ ಬರೆದುಕೊಂಡೆ.

ಯಲಹಂಕ ನ್ಯೂಟೌನಿನಲ್ಲಿ ನಮ್ಮ ಆಫೀಸು. ಇಲ್ಲಿಂದ ಶಾಲು, ದಿಂಬಿನ ಕವರು ಜರ್ಮನಿಗೆ ಹೋಗುತ್ತವೆ. ಅಲ್ಲಿಯವರು ಆನ್‌ಲೈನಿನಲ್ಲಿ ಕೊಳ್ಳುತ್ತಾರೆ. ಕಸ್ಟಮ್ಸ್ ಕಾಗದ ತುಂಬುವುದು, ಕೊಂಡವರು ಹಿಂದಿರುಗಿಸಿದ್ದನ್ನು ಏನು ಮಾಡಬೇಕೆಂದು ತೀರ್ಮಾನಿಸುವುದು ನನ್ನ ಪಾಲಿನ ಕೆಲಸ. ಶಾಲಿನ ಅಂಚಿಗೆ ಕುಚ್ಚು ಕಟ್ಟಲು ಪುಟ್ಟೇನಹಳ್ಳಿಯ ನನ್ನ ಚಿಕ್ಕಮ್ಮನ ಹೆಸರು ಕೊಟ್ಟವಳೂ ನಾನೇ. ಅವರ ಜೊತೆಗೆ ಎದುರುಮನೆ ಜಯಮ್ಮ ಕಟ್ಟುತ್ತಿದ್ದರು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಮಧ್ಯಾಹ್ನ ಊಟ ಮುಗಿಸಿ ಚಿಕ್ಕಮ್ಮನ ಮನೆ ಮೆಟ್ಟಿಲ ಮೇಲೆ ಕೂತರೆಂದರೆ ಕೈಯೂ ನಿಲ್ಲದು, ಬಾಯಿಯೂ ನಿಲ್ಲದು. ಚಿಕ್ಕಮ್ಮ ಪ್ರತಿ ಗಂಟನ್ನೂ ಹಲ್ಲಿನಲ್ಲಿ ಕಚ್ಚಿ ಎಳೆದು ನೋಡುವರು.

"ಬಿಡಕ್ಕ, ಇದ್ನ ಬಿಚ್ಚಕ್ಕೆ ಜರ್ಮನಿ ಪೊಲೀಸ್ರೇ ಬರ್ಬೇಕು" ಎನ್ನುವರು ಜಯಮ್ಮ.

"ಬರ್ಲಿ ಬಾರೆ, ಅವ್ರ ಮೀಸೆಗೂ ಒಂದ್ ಕುಚ್ಚು ಕಟ್ಟಿ ಕಳ್ಸಾನ."

ಆ ಸಲದ ಬಟ್ಟೆ ವಿಸ್ಕೋಸ್. ರೇಷ್ಮೆಯಂತೆ ಹೊಳೆಯುತ್ತದೆ, ರೇಷ್ಮೆಯಲ್ಲ. ಅದಕ್ಕೂ ಹಿಂದಿನ ಸಲ ಕಳಿಸಿದ್ದು ಅಪ್ಪಟ ರೇಷ್ಮೆ. ನಮ್ಮಲ್ಲಿ ಎಲ್ಲರೂ ಮಾಡುವುದು ಹೀಗೆಯೇ — ಹಳೆಯ ಕಾಗದವನ್ನು ನಕಲು ಮಾಡಿಕೊಂಡು ತಾರೀಖು, ಸಂಖ್ಯೆ ಬದಲಿಸುವುದು. ಬಟ್ಟೆ ಯಾವುದೆಂಬ ಸಾಲನ್ನು ನಾನು ಬದಲಿಸಲಿಲ್ಲ. ಅದೇ ಸಾಲು ಮಾರಾಟದ ಪುಟಕ್ಕೂ ಹೋಯಿತು. ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆದಿದ್ದರೆ ಅಂದೇ ಸಿಕ್ಕಿಬೀಳುತ್ತಿದ್ದೆ, ತೆರೆಯಲಿಲ್ಲ. ಕೊಂಡವರು ಶಾಲಿನ ಒಳಗೆ ಹೊಲಿದಿದ್ದ ಪಟ್ಟಿ ಓದಿದರು. ಅದರಲ್ಲಿ ವಿಸ್ಕೋಸ್ ಎಂದೇ ಇತ್ತು. ಶಾಲುಗಳು ಒಂದೊಂದಾಗಿ ಅಲ್ಲಿನ ಗೋದಾಮಿಗೆ ಹಿಂತಿರುಗತೊಡಗಿದವು. ಪ್ರತಿಯೊಂದರ ಮುಂದೆಯೂ ಒಂದೇ ಕಾರಣ — ವಿವರಣೆಯಲ್ಲಿ ಹೇಳಿದಂತಿಲ್ಲ.

ನನ್ನ ಕೆಲಸ ಖಾಯಂ ಆಗಬೇಕಿದ್ದ ತಿಂಗಳು ಅದು. ಮ್ಯಾನೇಜರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು.

"ಯಾಕ್ರೀ ಇಷ್ಟೊಂದು ರಿಟರ್ನ್ಸು?"

"ಕುಚ್ಚು ಬಿಚ್ಚೋಗ್ತಿದೆ ಸಾರ್."

ಮೊದಲೇ ಯೋಚಿಸಿ ಹೇಳಿದೆನೋ, ಬಾಯಿಗೆ ಬಂದುಬಿಟ್ಟಿತೋ — ಬಾಯಿಗೆ ಬಂದದ್ದೆಂದು ನಂಬಲು ನನಗಿಷ್ಟ. ಆದರೆ ಆಮೇಲಿನದನ್ನು ಮಾಡಿದ್ದು ಬಾಯಿಯಲ್ಲ. ವರದಿಯನ್ನು ತೆರೆದು, ಒಂದೊಂದೇ ಸಾಲಿನಲ್ಲಿ ಗ್ರಾಹಕರು ಕೊಟ್ಟ ಕಾರಣವನ್ನು ಅಳಿಸಿ, 'ಕೈಕೆಲಸದ ದೋಷ' ಎಂದು ಆರಿಸಿದೆ. ಪ್ರತಿ ಸಾಲಿಗೂ ಬೇರೆ ಬೇರೆಯಾಗಿ ಒತ್ತಬೇಕಿತ್ತು. ಅಂದರೆ ನಿಲ್ಲಿಸಲು ಅಷ್ಟು ಸಲ ಅವಕಾಶವಿತ್ತು.

ಚಿಕ್ಕಮ್ಮನಿಗೆ ಕೆಲಸ ನಿಂತಿತು. ಸುದ್ದಿ ಮುಟ್ಟಿಸಲು ನಾನೇ ಹೋದೆ, ಬೇರೆಯವರು ಹೋದರೆ ಏನಾದರೂ... ಇರಲಿ. ಚಿಕ್ಕಮ್ಮ ಸಿಟ್ಟಾಗಲಿಲ್ಲ.

"ಒಂದೇ ಒಂದು ವಾಪಸ್ ತರ್ಸು ಮಗ. ಎಲ್ ಬಿಚ್ಚೈತೆ ನೋಡ್ತೀನಿ. ಗಂಟು ನೋಡುದ್ರೆ ನಂದ್ಯಾವ್ದು, ಜಯಂದ್ಯಾವ್ದು ಗೊತ್ತಾಯ್ತದೆ."

ತರಿಸಬಹುದಿತ್ತು. ಎಲ್ಲವನ್ನೂ ಅಲ್ಲಿಂದ ಇಲ್ಲಿಗೆ ತರುವುದು ಶಾಲಿನ ಬೆಲೆಗಿಂತ ದುಬಾರಿ, ನಿಜ. ಆದರೆ ಕೈಕೆಲಸದ ದೂರು ಬಂದರೆ ಒಂದೆರಡನ್ನು ತರಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ಬಂದಿದ್ದರೆ ಕುಚ್ಚು ಗಟ್ಟಿಯಾಗಿಯೇ ಇರುವುದು ಎಲ್ಲರಿಗೂ ಕಾಣುತ್ತಿತ್ತು.

"ವಾಪಸ್ ಕಳಿಸಲ್ಲ ಚಿಕ್ಕಮ್ಮ. ಅಲ್ಲೇ ನಾಶ ಮಾಡ್ಬಿಡ್ತಾರೆ" ಎಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ, ಅಷ್ಟನ್ನೂ ನಾಶ ಮಾಡಿ ಎಂದು ಆದೇಶ ಕಳಿಸಿದೆ. ಚಿಕ್ಕಮ್ಮನಿಗೆ ಹೇಳುವಾಗ ಅದು ಇನ್ನೂ ಸುಳ್ಳಾಗಿತ್ತು. ನಾನು ಅದನ್ನು ನಿಜ ಮಾಡಿದೆ. ಇದರ ಕ್ರಮ ಹಿಂದುಮುಂದಾಗಿರಬಹುದೇ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ! ಆದೇಶ ಮೊದಲು, ಮಾತು ಆಮೇಲೆ ಎಂದಾದರೆ ಸ್ವಲ್ಪ — ಸ್ವಲ್ಪ ಏನು? ಏನೂ ಇಲ್ಲ. ಆದೇಶದ ಮೇಲೆ ತಾರೀಖಿದೆ.

ನೋಡಲು ಶಾಲು ಸಿಗದಿದ್ದಾಗ ಚಿಕ್ಕಮ್ಮ ತಮ್ಮಷ್ಟಕ್ಕೆ ಹುಡುಕಿದರು. ಕಳಿಸದೆ ಮನೆಯಲ್ಲಿ ಉಳಿದಿದ್ದ, ತಾವು ಕಟ್ಟಿದ ಶಾಲುಗಳ ಗಂಟುಗಳನ್ನೆಲ್ಲ ಎಳೆದೆಳೆದು ನೋಡಿದರು. ಒಂದೂ ಜಾರಲಿಲ್ಲ. ಹಾಗಾದರೆ ಉಳಿದವರು ಯಾರು? ಇಬ್ಬರೇ ತಾನೇ ಕಟ್ಟಿದ್ದು. ಬಾಗಿಲಲ್ಲೇ ನಿಂತು ಕೇಳಿದರಂತೆ, "ಆತುರಕ್ ಬಿದ್ದು ಸಡ್ಲ ಕಟ್ಬಿಟ್ಯಾ ಜಯ?" ಜಯಮ್ಮ ನಕ್ಕರಂತೆ, ತಮಾಷೆಯೆಂದುಕೊಂಡು. ಆಮೇಲೆ ನಗಲಿಲ್ಲ. "ಮೂವತ್ ವರ್ಷ ನನ್ ಕೈ ನೋಡಿರೋಳು ನೀನು ಇಂಗಂತೀಯಲ್ಲಕ್ಕ" ಎಂದು ಒಳಗೆ ಹೋದವರು ಈವರೆಗೆ ಆ ಮೆಟ್ಟಿಲು ಹತ್ತಿಲ್ಲ. ಮಗಳ ಮದುವೆಯ ಕರೆಯೋಲೆಯನ್ನು ಚಿಕ್ಕಮ್ಮನಿಗೆ ಬೇರೆಯವರ ಕೈಲಿ ಕಳಿಸಿದರು. ಚಿಕ್ಕಮ್ಮ ಹೋಗಲಿಲ್ಲ.

ನಾನು ಹೋಗಿದ್ದೆ. ಊಟ ಮಾಡಿ ಬಂದೆ.

ಐದು ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ಆ ಬೀದಿಗೆ ಹೋಗಿದ್ದೇನೆ. ಎದುರುಬದುರು ಬಾಗಿಲುಗಳಲ್ಲಿ ಒಂದು ತೆರೆದರೆ ಇನ್ನೊಂದು ಮುಚ್ಚುವುದನ್ನು ನೋಡಿದ್ದೇನೆ, ಕಾಫಿ ಕುಡಿದು ಎದ್ದು ಬಂದಿದ್ದೇನೆ. ಕಳೆದ ಭಾನುವಾರ ಹೇಳಿದೆ. ಧೈರ್ಯ ಬಂತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳು. ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಕಲು ಮಾಡಿದ ಕಾಗದ, ಬದಲಿಸಿದ ಕಾರಣ, ನಾಶದ ಆದೇಶ — ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಕೊನೆಗೆ, "ಅಂಗಾರೆ ಜಯನ ಗಂಟೂ ಬಿಚ್ಚಿರ್ಲಿಲ್ಲ?" ಎಂದರು.

"ಇಲ್ಲ."

ಬೈಯಲೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಬರೆಯಹೊರಟು ನಿಲ್ಲಿಸುತ್ತಿದ್ದೇನೆ. ಹಗುರಾಗುವ ಹಕ್ಕು ನನಗೆ ಯಾರು ಕೊಟ್ಟರು? ಇದನ್ನೆಲ್ಲ ಒಪ್ಪಿಕೊಂಡು ಮ್ಯಾನೇಜರಿಗೆ ಬರೆದ ಪತ್ರ ಇನ್ನೂ ಡ್ರಾಫ್ಟಿನಲ್ಲೇ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸೋಮವಾರ ಕಳಿಸುತ್ತೇನೆ. ಜಯಮ್ಮನ ಮನೆಗೆ ಅದಕ್ಕೂ ಮೊದಲು ಹೋಗಬೇಕು.

ಅಂದು ಚಿಕ್ಕಮ್ಮ ಮೊರ ಎತ್ತಿಕೊಂಡು ಒಳಗೆ ಹೊರಟಾಗ ಅವರ ಬೆನ್ನಿಗೆ ಒಂದು ಮಾತು ಕೇಳಿದೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ — ನೀರು ಬಂತೇ, ಅಮ್ಮನ ಮಂಡಿನೋವು ಹೇಗಿದೆ. ಅಂದು ಕೇಳಿದ ಆ ಮಾತಿಗೆ ಮಾತ್ರ ಉತ್ತರ ಬಂದಿಲ್ಲ.

"ಜಯಮ್ಮನಿಗೆ ನಾನೇ ಹೋಗಿ ಹೇಳ್ತೀನಿ. ನೀವೂ ಜೊತೇಲಿ ಬರ್ತೀರಾ, ಚಿಕ್ಕಮ್ಮ?"